ಕಿವಿ ಮುಟ್ಟಿದರೆ ಆರು ವರ್ಷ

1998ರ ಜೂನ್. ಮಳೆ ಹಿಡಿದು ಮೂರು ದಿನವಾಗಿತ್ತು. ದಕ್ಷಿಣ ಕೊಡಗಿನ ಸರ್ಕಾರಿ ಶಾಲೆಯೊಂದರ ಜಗಲಿಯಲ್ಲಿ ದಾಖಲಾತಿ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದೆ. ಮೇಷ್ಟ್ರ ಕೆಲಸಕ್ಕೆ ಸೇರಿ ಆಗಿನ್ನೂ ಎರಡು ವರ್ಷ. ಪಕ್ಕದ ತೋಟದ ಕೂಲಿಯವರ ಲೈನ್ ಮನೆಯಿಂದ ತಾಯಿಯೊಬ್ಬಳು ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಅದರೊಳಗೇ ಮಗಳನ್ನೂ ಸೇರಿಸಿಕೊಂಡು ಬಂದಳು.

"ಹುಟ್ಟಿದ ತಾರೀಕು ಹೇಳಮ್ಮ."

"ರೊಬಸ್ಟಾ ಕುಯ್ಲಲ್ಲಿ ಸಾರ್. ಕಣದ ತುಂಬ ಕಾಫಿ ಹರಡಿತ್ತು."

"ಯಾವ ವರ್ಷ?"

ಅವಳು ಮಗಳ ಮುಖ ನೋಡಿದಳು. ಉತ್ತರ ಅಲ್ಲೆಲ್ಲೋ ಇದೆ ಎನ್ನುವ ಹಾಗೆ.

ಒಳಗಿನಿಂದ ಹೆಡ್ಮಾಸ್ತರು ಕೂಗಿ ಹೇಳಿದರು, "ಕಿವಿ ಮುಟ್ಟಿಸಿ ನೋಡಿ." ಹುಡುಗಿ ಬಲಗೈಯನ್ನು ತಲೆಯ ಮೇಲಿಂದ ಬಳಸಿ ತಂದಳು. ಬೆರಳ ತುದಿ ಎಡಗಿವಿಯ ಮೇಲಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು. ಅಷ್ಟು ಸಾಕು, ಆರು ವರ್ಷ. ನಾನು ಪುಸ್ತಕದಲ್ಲಿ 1-6-1992 ಎಂದು ಬರೆದೆ. ಆ ಪುಟವನ್ನು ಇವತ್ತು ತೆಗೆದು ನೋಡಿದರೆ ಜೂನ್ 1ರಂದು ಹುಟ್ಟಿದ ಮಕ್ಕಳೇ ಸಾಲಾಗಿ ಸಿಗುತ್ತಾರೆ. ಕರ್ನಾಟಕದ ಯಾವ ಹಳ್ಳಿ ಶಾಲೆಯ ಹಳೇ ಪುಸ್ತಕ ತೆಗೆದರೂ ಹೆಚ್ಚುಕಡಿಮೆ ಇದೇ ಕಥೆ.

ಕಿವಿ ಮುಟ್ಟಿಸುವುದರಲ್ಲಿ ಒಂದು ಲೆಕ್ಕಾಚಾರ ಇತ್ತು. ಚಿಕ್ಕ ಮಗುವಿನ ತಲೆ ದೊಡ್ಡದು, ಕೈ ಗಿಡ್ಡ. ಆರರ ಹೊತ್ತಿಗೆ ಕೈ ಉದ್ದವಾಗಿ ಕಿವಿಗೆ ಎಟುಕುತ್ತದೆ. ಆದರೆ ಹೊಟ್ಟೆಗೆ ಸರಿಯಾಗಿ ಬೀಳದ ಮಗುವಿನ ಕೈ ಏಳಕ್ಕೂ ಎಟುಕದೇ ಇರಬಹುದು. ಆ ಮಗುವನ್ನು ನಾವು "ಬರೋ ವರ್ಷ ಕರ್ಕೊಂಡು ಬಾ" ಎಂದು ವಾಪಸು ಕಳಿಸುತ್ತಿದ್ದೆವು. ಮೈ ನೋಡಿ ಯೋಗ್ಯತೆ ಅಳೆಯುವ ಆ ಪದ್ಧತಿಯಲ್ಲಿ ಹೆಚ್ಚು ಹಸಿದಿದ್ದ ಮಗುವೇ ಶಾಲೆಯ ಹೊರಗೆ ಉಳಿಯುತ್ತಿತ್ತು.

18 ತುಂಬಿದವನು ದೊಡ್ಡವನು, ಅದಕ್ಕೆ ಒಂದು ದಿನ ಕಡಿಮೆ ಇದ್ದವನು ಚಿಕ್ಕವನು ಎಂದು ಕಾನೂನು ಹೇಳುವುದು ನ್ಯಾಯವೇ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಎಡಗಿವಿ ನೆನಪಾಗುತ್ತದೆ. ಒಬ್ಬೊಬ್ಬರ ಬುದ್ಧಿ ಬಲಿಯುವುದು ಒಂದೊಂದು ಹೊತ್ತಿಗೆ. ಹಾಗಿರುವಾಗ ಎಲ್ಲರಿಗೂ ಒಂದೇ ಗೆರೆ ಎಳೆಯುವುದು ಅನ್ಯಾಯ ಅಲ್ಲವೇ ಎಂಬ ಮಾತು ಮೇಲ್ನೋಟಕ್ಕೆ ಸರಿ. ಆದರೆ ಗೆರೆಯನ್ನು ಅಳಿಸಿದರೆ ಅದರ ಜಾಗಕ್ಕೆ ಇನ್ನೇನೋ ಬರಲೇಬೇಕು. ಯಾರಾದರೂ ಒಬ್ಬರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು "ನಿನ್ನ ಕಿವಿ ಮುಟ್ಟು" ಎನ್ನಲೇಬೇಕು. ಆ ಅಳೆಯುವವರು ಯಾರು, ಯಾವ ಉದ್ದೇಶಕ್ಕೆ ಅಳೆಯುತ್ತಾರೆ ಎಂಬ ಕಡೆ ನಮ್ಮ ಗಮನ ಹೋಗುವುದು ಕಡಿಮೆ.

ಮೊದಲು ಗೆರೆಗೆ ವಿರುದ್ಧವಾದ ವಾದವನ್ನೇ ಅದರ ಪೂರ್ತಿ ಬಲದಲ್ಲಿ ನೋಡೋಣ. ನಮ್ಮ ಕಡೆ ತೋಟದ ಮನೆಗಳ ಹುಡುಗರು ಹದಿನಾಲ್ಕು, ಹದಿನೈದಕ್ಕೆಲ್ಲ ಜೀಪು ಓಡಿಸುತ್ತಾರೆ. ಕುಯ್ದ ಹಣ್ಣಿನ ಚೀಲಗಳನ್ನು ಹೇರಿಕೊಂಡು, ಕೆಸರಿನ ಇಳಿಜಾರಿನಲ್ಲಿ, ಕಾಡುಹಂದಿ ಅಗೆದ ಗುಂಡಿ ತಪ್ಪಿಸಿ ಕಣದವರೆಗೆ ತರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಗೇಟಿನ ತನಕ ಓಡಿಸಿಕೊಂಡು ಬಂದು, ಎಂಜಿನ್ ಆರಿಸದೆ ಕೆಳಗಿಳಿದು, ಅಪ್ಪನಿಗೆ ಸೀಟು ಬಿಟ್ಟುಕೊಡುತ್ತಿದ್ದ. ಅಪ್ಪನಿಗಿಂತ ಅವನೇ ಚೆನ್ನಾಗಿ ಓಡಿಸುತ್ತಿದ್ದ ಎಂಬುದನ್ನು ಅವರಪ್ಪನೂ ಒಪ್ಪುತ್ತಿದ್ದರು. ಹಾಗಿದ್ದರೂ ಗೇಟಿನಲ್ಲಿ ಯಾಕೆ ಇಳಿಯಬೇಕು?

1988ರ ಮೋಟಾರು ವಾಹನ ಕಾಯ್ದೆ ಪರವಾನಗಿ ಕೇಳುವುದು 'ಸಾರ್ವಜನಿಕ ಸ್ಥಳ'ದಲ್ಲಿ, ಅಂದರೆ ಜನರಿಗೆ ಓಡಾಡುವ ಹಕ್ಕಿರುವ ಜಾಗದಲ್ಲಿ ವಾಹನ ಓಡಿಸುವುದಕ್ಕೆ. ಗೇಟಿನ ಒಳಗೆ ಇರುವುದು ಮನೆಯವರದೇ ದಾರಿ. ಗೇಟು ದಾಟಿದರೆ ಗೋಣಿಕೊಪ್ಪಲಿನ ಕಡೆಗೆ ಹೋಗುವ ಬಸ್ಸು, ಶಾಲೆ ಬಿಟ್ಟ ಮಕ್ಕಳು, ತಲೆ ಮೇಲೆ ಸೌದೆ ಹೊತ್ತ ಹೆಂಗಸರು. ಒಂದು ಗೇಟಿನ ಅಂತರದಲ್ಲಿ ಹುಡುಗನ ಬುದ್ಧಿ ಬದಲಾಗುವುದಿಲ್ಲ, ಅವನ ತಪ್ಪಿಗೆ ತಲೆ ಕೊಡಬೇಕಾದವರು ಬದಲಾಗುತ್ತಾರೆ. 18 ಎಂಬ ಅಂಕಿ ಆ ಹುಡುಗನ ಕೈಚಳಕಕ್ಕೆ ಹಾಕಿದ ಬೆಲೆಯಲ್ಲ. ಅವನ ಪರಿಚಯವೇ ಇಲ್ಲದ ದಾರಿಹೋಕರಿಗೆ ಕೊಟ್ಟ ಒಂದು ಭರವಸೆ. 2019ರ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿತು. ಚಿಕ್ಕವರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ತುಂಬುವ ತನಕ ಪರವಾನಗಿ ಇಲ್ಲ. ಮಗನ ಕೈಗೆ ಸ್ಕೂಟರ್ ಕೀ ಕೊಟ್ಟು "ಹಾಲು ತಗೊಂಡು ಬಾ" ಎನ್ನುವ ಅಪ್ಪಂದಿರು ಇದನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು.

ಆದರೂ ಎಲ್ಲ ಗೆರೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಲೆ ಕೆಡುತ್ತದೆ. ನಮ್ಮ ಜಿಲ್ಲೆಯಿಂದ ಸೈನ್ಯಕ್ಕೆ ಹೋಗುವ ಹುಡುಗನನ್ನೇ ತೆಗೆದುಕೊಳ್ಳಿ. ಅಗ್ನಿವೀರನಾಗಲು 17½ ವರ್ಷ ಸಾಕು. ದೇಶಕ್ಕಾಗಿ ಬಂದೂಕು ಹಿಡಿಯಲು ತಯಾರಾದವನು ಮತ ಹಾಕಲು ಇನ್ನೂ ಆರು ತಿಂಗಳು ಕಾಯಬೇಕು. 18ಕ್ಕೆ ಮತ ಬಂತು, ಕರಾರಿಗೆ ಸಹಿ ಹಾಕುವ ಹಕ್ಕು ಬಂತು, ಕಾರು ಓಡಿಸುವ ಪರವಾನಗಿ ಬಂತು. ಬಾಡಿಗೆ ಜೀಪು ಓಡಿಸಬೇಕೆಂದರೆ 20. ಮದುವೆಯಾಗಲು 21, ಅವನು ಮದುವೆಯಾಗುವ ಹುಡುಗಿಗೆ ಮಾತ್ರ 18. ಗ್ರಾಮ ಪಂಚಾಯಿತಿಗೆ ನಿಲ್ಲಲು 21, ವಿಧಾನಸಭೆಗೆ 25, ರಾಜ್ಯಸಭೆಗೆ 30, ರಾಷ್ಟ್ರಪತಿಯಾಗಲು 35. ಕರ್ನಾಟಕದಲ್ಲಿ 2025ರಿಂದ ಸಿಗರೇಟು ಕೊಳ್ಳಲು 21. ಮದ್ಯದ ವಿಷಯದಲ್ಲಂತೂ ನಮ್ಮ ರಾಜ್ಯದ ಅಬಕಾರಿ ಕಾಯ್ದೆಯಲ್ಲಿ 18 ಎಂದೂ ಅದರ ಕೆಳಗಿನ ನಿಯಮದಲ್ಲಿ 21 ಎಂದೂ ಇತ್ತು. 2023ರ ಆರಂಭದಲ್ಲಿ ಸರ್ಕಾರ ನಿಯಮವನ್ನು 18ಕ್ಕೆ ಇಳಿಸಲು ಹೊರಟು, ಜನರ ಆಕ್ಷೇಪ ಬಂದ ಮೇಲೆ ಕೈಬಿಟ್ಟಿತು.

ಇವುಗಳಲ್ಲಿ ಕೆಲವಕ್ಕೆ ಸಮರ್ಥನೆ ಇದೆ. ಸಿಗರೇಟಿನ 21 ಬುದ್ಧಿಯ ಪ್ರಶ್ನೆಯೇ ಅಲ್ಲ, ಚಟ ಹತ್ತುವ ವಯಸ್ಸನ್ನು ದಾಟಿಸುವ ಉಪಾಯ. ಬಾಡಿಗೆ ಗಾಡಿಗೆ 20 ಯಾಕೆಂದರೆ ಹಿಂದೆ ಕೂತಿರುವುದು ಬೇರೆಯವರ ಜೀವ. ಮದುವೆಯ 18 ಮತ್ತು 21ಕ್ಕೆ ಮಾತ್ರ ನನಗೆ ಎಷ್ಟು ಹುಡುಕಿದರೂ ಕಾರಣ ಸಿಕ್ಕಿಲ್ಲ. ಗಂಡ ಹೆಂಡತಿಗಿಂತ ದೊಡ್ಡವನಿರಬೇಕು ಎಂಬ ಮನೆಮಾತನ್ನು 1978ರಲ್ಲಿ ಕಾನೂನಿನ ಭಾಷೆಗೆ ಇಳಿಸಿದಂತಿದೆ. 2018ರಲ್ಲಿ ಕಾನೂನು ಆಯೋಗ ಇಬ್ಬರಿಗೂ 18 ಇರಲಿ ಎಂದಿತು. 2021ರಲ್ಲಿ ಸರ್ಕಾರ ಹುಡುಗಿಯರಿಗೂ 21 ಮಾಡುವ ಮಸೂದೆ ತಂದಿತು, ಅದು 2024ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಎರಡರಲ್ಲಿ ಯಾವುದಾದರೂ ಸರಿ, ಹುಡುಗ ಹುಡುಗಿಗೆ ಒಂದೇ ಗೆರೆ ಇರಬೇಕಿತ್ತು.

ಗೆರೆಗಳು ಇಷ್ಟು ಒರಟಾಗಿದ್ದರೂ ಅವನ್ನು ಎಳೆದದ್ದು ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಂಕಿ ಬರುವ ಮೊದಲೂ ಅಳತೆ ಇತ್ತು. 'ಮೈ ನೆರೆದಿದ್ದಾಳೆ', 'ಕೈಗೆ ಬಂದಿದ್ದಾಳೆ', 'ಬೆಳೆದು ನಿಂತಿದ್ದಾಳೆ'. ಹೆಣ್ಣುಮಗು ಪ್ರಬುದ್ಧಳಾದಳೇ ಎಂಬುದನ್ನು ಮೈ ನೋಡಿ ಮನೆಯವರು ತೀರ್ಮಾನಿಸುತ್ತಿದ್ದರು, ಅವಳನ್ನು ಯಾರೂ ಕೇಳುತ್ತಿರಲಿಲ್ಲ. 1860ರ ಭಾರತೀಯ ದಂಡ ಸಂಹಿತೆ ದೈಹಿಕ ಸಂಬಂಧಕ್ಕೆ ಗಂಡನಿಗೂ ಅಡ್ಡಿಯಾಗುವಂತೆ ಹಾಕಿದ ಮೊದಲ ಗೆರೆ 10 ವರ್ಷ. ಕಲ್ಕತ್ತೆಯಲ್ಲಿ ಹತ್ತು ಹನ್ನೊಂದರ ಬಾಲವಧು ಒಬ್ಬಳು ಗಂಡನ ಕೈಯಲ್ಲಿ ಪ್ರಾಣ ಕಳೆದುಕೊಂಡ ಮೇಲೆ, 1891ರಲ್ಲಿ ಅದು 12 ಆಯಿತು. ಅಷ್ಟಕ್ಕೇ ದೇಶದಲ್ಲಿ ದೊಡ್ಡ ಗದ್ದಲ ಎದ್ದಿತು. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಕಾನೂನು ತಂದಿತು: 8 ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವಂತಿಲ್ಲ, 50 ದಾಟಿದ ಗಂಡಸು 14ರ ಒಳಗಿನವಳನ್ನು ಕಟ್ಟಿಕೊಳ್ಳುವಂತಿಲ್ಲ. ಕೊಡಗು ಆಗ ಮೈಸೂರಿನ ಭಾಗವಲ್ಲ, 1834ರಿಂದ ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. ಇಲ್ಲಿಗೆ ಬಂದದ್ದು 1929ರ ಶಾರದಾ ಕಾಯ್ದೆ. ಹುಡುಗಿಗೆ 14, ಹುಡುಗನಿಗೆ 18. 1949ರಲ್ಲಿ ಹುಡುಗಿಗೆ 15, 1978ರಲ್ಲಿ 18.

ಎಂಟು, ಹತ್ತು, ಹನ್ನೆರಡು, ಹದಿನಾಲ್ಕು, ಹದಿನೈದು, ಹದಿನೆಂಟು. ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಹತ್ತಿದ ಮೆಟ್ಟಿಲು. ಈ ಯಾವ ಅಂಕಿಯೂ ಹೆಣ್ಣುಮಗುವಿನ ಬುದ್ಧಿಯನ್ನು ಅಳೆದು ಬರೆದದ್ದಲ್ಲ. ಅವಳನ್ನು ಅಳೆಯುವ ಅಧಿಕಾರವನ್ನು ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳಲು ಬರೆದದ್ದು. ವಯಸ್ಸಿನ ಗೆರೆಯ ಬಗ್ಗೆ ನನಗೆ ಹೇಳಬೇಕೆನಿಸುವ ಮುಖ್ಯ ಮಾತು ಇದೇ. "ಬೆಳೆದಿದ್ದಾಳೆ" ಎಂಬ ಮಾತಿನ ಜೊತೆ ವಾದಕ್ಕಿಳಿಯಲು ಆಗುವುದಿಲ್ಲ. "18 ಆಗಿಲ್ಲ" ಎಂಬ ಮಾತನ್ನು ಅಂಗನವಾಡಿ ಕಾರ್ಯಕರ್ತೆಯೂ ಸಾಹುಕಾರರ ಎದುರು ನಿಂತು ಹೇಳಬಹುದು.

ಊರಿನ ಪದ್ಧತಿ ಇದಕ್ಕಿಂತ ಸೂಕ್ಷ್ಮವಾಗಿ ಅಳೆಯುತ್ತಿತ್ತು ಎಂದು ನನ್ನ ಕೊಡವ ಗೆಳೆಯರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಲ್ಲಿ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಾರೆ, ಹೊರಗೆ ಒಂದು ಗುಂಡು ಹಾರಿಸುತ್ತಾರೆ. ಕೈಲ್‌ಪೊಳ್ದ್‌ನಲ್ಲಿ, ಅಂದರೆ ಕೊಡವರ ಆಯುಧಪೂಜೆಯ ಹಬ್ಬದಲ್ಲಿ, ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ಆ ಹುಡುಗ ವರ್ಷ ವರ್ಷ ನೋಡುತ್ತಾನೆ. ಮೊದಲು ಕೋವಿ ಒರೆಸಲು ಬಿಡುತ್ತಾರೆ, ಆಮೇಲೆ ಹೊರಲು, ಎಷ್ಟೋ ವರ್ಷದ ಮೇಲೆ ದೊಡ್ಡವರ ಕಣ್ಣೆದುರಿಗೆ ತೆಂಗಿನಕಾಯಿಗೆ ಗುರಿ ಇಡಲು. ಇವನ ಕೈಗೆ ಈಗ ಕೊಡಬಹುದು, ಇವನಿಗೆ ಇನ್ನೂ ಬೇಡ ಎಂಬುದನ್ನು ಹುಟ್ಟಿನಿಂದ ನೋಡಿದ ಹಿರಿಯರು ಹೇಳುತ್ತಾರೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೊಡವರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, 2029ರವರೆಗೆ ಅದನ್ನು ಮುಂದುವರಿಸಿದ್ದಾರೆ. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ 21 ತುಂಬದವರು ಬಂದೂಕು ಹೊಂದುವಂತಿಲ್ಲ ಎನ್ನುತ್ತದೆ. ಮನೆಯ ಹಿರಿಯರಿಗೆ ಹುಡುಗ ಗೊತ್ತು, ದಿಲ್ಲಿಯಲ್ಲಿ ಕೂತ ಕಾನೂನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಅಂಕಿಯನ್ನೇ ಹಿಡಿಯಬೇಕಾಗುತ್ತದೆ.

ತೋಟದವರಿಗೆ ಇದನ್ನು ಹೇಳುವುದು ಸುಲಭ. ಅರೇಬಿಕಾವನ್ನು ಹಣ್ಣಾದದ್ದನ್ನಷ್ಟೇ ನೋಡಿ ನೋಡಿ ಕುಯ್ಯುತ್ತೇವೆ, ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗುತ್ತೇವೆ. ರೊಬಸ್ಟಾಕ್ಕೆ ಬಹುಪಾಲು ಹಣ್ಣಾದ ಹೊತ್ತು ನೋಡಿ ಇಡೀ ರೆಂಬೆಯನ್ನು ಒಂದೇ ಸಲಕ್ಕೆ ಎಳೆಯುತ್ತೇವೆ. ಒಂದಷ್ಟು ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ ಎಂದು ಗೊತ್ತಿದ್ದೇ ಎಳೆಯುತ್ತೇವೆ. ನೂರ ನಲವತ್ತು ಕೋಟಿ ಜನರ ಕಾನೂನು ರೊಬಸ್ಟಾ ಕುಯ್ಲು.

ವಿಜ್ಞಾನ ಏನು ಹೇಳುತ್ತದೆ? ಮಿದುಳಿನ ಮುಂಭಾಗ, ಅಂದರೆ ತಡೆದು ಯೋಚಿಸುವ, ಮುಂದಾಲೋಚನೆ ಮಾಡುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿನಲ್ಲಿ ಎಂಬುದು ಈಗ ಬಹಳ ಜನ ಕೇಳಿರುವ ಮಾತು. ಅದನ್ನು ಹಿಡಿದು "ಹಾಗಾದರೆ 25ರವರೆಗೆ ಎಲ್ಲರೂ ಮಕ್ಕಳೇ" ಎನ್ನುವವರೂ ಇದ್ದಾರೆ. ಅದು ಅರ್ಧ ಮಾತು. ಹದಿಹರೆಯದ ಮನಸ್ಸನ್ನು ದಶಕಗಳಿಂದ ಅಧ್ಯಯನ ಮಾಡಿರುವ ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಎರಡು ಬಗೆಯ ಪ್ರಬುದ್ಧತೆಯನ್ನು ಬೇರೆ ಮಾಡಿ ತೋರಿಸುತ್ತಾರೆ. ಸಮಾಧಾನವಾಗಿ ಕೂತು, ಹೊತ್ತು ತೆಗೆದುಕೊಂಡು, ತಿಳಿದವರನ್ನು ಕೇಳಿ ತೀರ್ಮಾನಿಸುವ ಬುದ್ಧಿ ಒಂದು. ಅದು 16ರ ಹೊತ್ತಿಗೆ ದೊಡ್ಡವರ ಸಮಕ್ಕೆ ಬಂದಿರುತ್ತದೆ. ಸಿಟ್ಟು, ಉತ್ಸಾಹ, ಗೆಳೆಯರ ಕೂಗಾಟದ ನಡುವೆ ತನ್ನನ್ನು ತಾನು ಹಿಡಿದುಕೊಳ್ಳುವ ಬುದ್ಧಿ ಇನ್ನೊಂದು. ಅದು ಬಲಿಯಲು 20 ದಾಟಬೇಕು. 2005ರಲ್ಲಿ ಅವರೂ ಸಹೋದ್ಯೋಗಿಯೂ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಿದ್ದರು. ಗೆಳೆಯರು ಪಕ್ಕದಲ್ಲಿ ನೋಡುತ್ತಾ ಇದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಗೇಟಿನೊಳಗಿನ ಆ ಹುಡುಗನನ್ನು ಇದಕ್ಕೆ ಹೊಂದಿಸಿ ನೋಡಿ. ಒಬ್ಬನೇ ಇದ್ದಾಗ, ಚೀಲ ಹೇರಿಕೊಂಡಾಗ, ಅವನು ನಿಜಕ್ಕೂ ಅಪ್ಪನಿಗಿಂತ ವಾಸಿ. ಅದೇ ಹುಡುಗನ ಹಿಂದೆ ಮೂರು ಜನ ಗೆಳೆಯರನ್ನು ಕೂರಿಸಿ, ಸಂಜೆ ಹೊತ್ತಿನಲ್ಲಿ, ಹಾಕಿ ಪಂದ್ಯ ಗೆದ್ದ ಖುಷಿಯಲ್ಲಿ ರಸ್ತೆಗೆ ಬಿಟ್ಟರೆ? ಒಂದೇ ತಲೆ, ಎರಡು ಬೇರೆ ಬುದ್ಧಿ. ಈ ಲೆಕ್ಕದಲ್ಲಿ ಮತ ಹಾಕುವ ವಯಸ್ಸು ವಾಹನ ಓಡಿಸುವ ವಯಸ್ಸಿಗಿಂತ ಕಡಿಮೆ ಇರಬಹುದು. ಮತಕ್ಕೆ ಯೋಚಿಸಲು ವಾರಗಟ್ಟಲೆ ಸಮಯವಿದೆ, ತಿರುವಿನಲ್ಲಿ ಎದುರು ಬಂದ ಬಸ್ಸಿಗೆ ಒಂದು ಕ್ಷಣವೂ ಇಲ್ಲ. ಆಸ್ಟ್ರಿಯಾ 2007ರಲ್ಲೇ ಮತದಾನವನ್ನು 16ಕ್ಕೆ ಇಳಿಸಿತು. ನಮ್ಮಲ್ಲಿ 21ರಿಂದ 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಿಂದ, 1989ರಲ್ಲಿ ಜಾರಿಯಾಯಿತು. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಗೆರೆ ಇರುವುದು ಗೊಂದಲ ಎನ್ನುವವರಿಗೆ ಇದೇ ಉತ್ತರ. ತಪ್ಪಿರುವುದು ಗೆರೆ ಹಲವಾಗಿರುವುದರಲ್ಲಿ ಅಲ್ಲ, ಯಾವ ಗೆರೆ ಯಾವುದಕ್ಕೆ ಎಂದು ಯೋಚಿಸದೆ ಎಳೆದಿರುವುದರಲ್ಲಿ.

ಈಗ ನನ್ನನ್ನು ಬಹಳವಾಗಿ ಕಾಡುವ ಸಂಗತಿಗೆ ಬರುತ್ತೇನೆ. ನಮ್ಮ ಕಾನೂನು ಒಂದು ಕಡೆ ಅಂಕಿಯನ್ನು ಬದಿಗಿಟ್ಟು ಪ್ರಬುದ್ಧತೆಯನ್ನೇ ಅಳೆಯಲು ಹೊರಟಿದೆ.

2012ರ ಡಿಸೆಂಬರಿನ ದಿಲ್ಲಿಯ ಅತ್ಯಾಚಾರ ಪ್ರಕರಣದಲ್ಲಿ ಒಬ್ಬ ಆರೋಪಿಗೆ 18 ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಅವನಿಗೆ ಆಗಿನ ಬಾಲನ್ಯಾಯ ಕಾನೂನಿನಲ್ಲಿದ್ದ ಗರಿಷ್ಠ 3 ವರ್ಷ, ವಿಶೇಷ ಗೃಹದಲ್ಲಿ. ದೇಶದ ಸಿಟ್ಟು ಎಷ್ಟಿತ್ತು ಎಂಬುದು ನಮಗೆಲ್ಲ ನೆನಪಿದೆ. ನನಗೂ ಸಿಟ್ಟಿತ್ತು. 2015ರಲ್ಲಿ ಹೊಸ ಬಾಲನ್ಯಾಯ ಕಾಯ್ದೆ ಬಂತು. 16ರಿಂದ 18ರ ನಡುವಿನವರು ಘೋರ ಅಪರಾಧ, ಅಂದರೆ ಕನಿಷ್ಠ 7 ವರ್ಷ ಶಿಕ್ಷೆ ಇರುವಂಥದ್ದು, ಮಾಡಿದ ಆರೋಪ ಬಂದರೆ ಬಾಲನ್ಯಾಯ ಮಂಡಳಿ ಅವರ ಮಾನಸಿಕ, ದೈಹಿಕ ಸಾಮರ್ಥ್ಯವನ್ನೂ ಪರಿಣಾಮ ಅರಿಯುವ ಶಕ್ತಿಯನ್ನೂ ಘಟನೆಯ ಸಂದರ್ಭವನ್ನೂ ನೋಡಿ, ವಯಸ್ಕರಂತೆ ವಿಚಾರಣೆಗೆ ಕಳಿಸಬೇಕೇ ಎಂದು ತೀರ್ಮಾನಿಸಬೇಕು. ಅದಕ್ಕೆ 3 ತಿಂಗಳ ಅವಧಿ. ಗಲ್ಲು ಶಿಕ್ಷೆಯಾಗಲಿ ಬಿಡುಗಡೆಯೇ ಇಲ್ಲದ ಜೀವಾವಧಿಯಾಗಲಿ ವಿಧಿಸುವಂತಿಲ್ಲ ಎಂಬುದು ಸಮಾಧಾನ.

ಮಂಡಳಿಯಲ್ಲಿ ಇರುವವರು ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಒಂದು ರಾತ್ರಿ, ಒಂದು ಗಳಿಗೆಯಲ್ಲಿ ನಡೆದದ್ದರ ಹಿಂದಿನ ಮನಸ್ಸನ್ನು ತಿಂಗಳುಗಳ ನಂತರ ಶಾಂತವಾದ ಕೋಣೆಯಲ್ಲಿ ಕೂರಿಸಿಕೊಂಡು ಅಳೆಯಬೇಕು. ಆ ಕೋಣೆಯಲ್ಲಿ ಕಾಣುವುದು ಹುಡುಗನ ಸಮಾಧಾನದ ಬುದ್ಧಿ, ಅಪರಾಧ ನಡೆದಾಗ ಕೈಕೊಟ್ಟದ್ದು ಇನ್ನೊಂದು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಅದು ಪರಿಣಾಮ ಅರಿಯುವ ಶಕ್ತಿಗೆ ಸಾಕ್ಷಿಯಾಗುತ್ತದೆಯೇ? ಸುಪ್ರೀಂ ಕೋರ್ಟ್ 2022ರಲ್ಲಿ ಈ ಕೆಲಸ ಎಷ್ಟು ಸೂಕ್ಷ್ಮ ಎಂದು ವಿವರವಾಗಿ ಹೇಳಿ, ಮಂಡಳಿಯಲ್ಲಿ ಮನೋವಿಜ್ಞಾನ ಬಲ್ಲವರು ಇಲ್ಲದಿದ್ದರೆ ಹೊರಗಿನ ತಜ್ಞರ ನೆರವನ್ನು ಪಡೆಯಲೇಬೇಕು ಎಂದಿತು.

ನನ್ನ ತಕರಾರು ಇನ್ನೂ ಆಳದ್ದು. ಈ ಅಳತೆ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. 17ರ ಹುಡುಗ ಎಷ್ಟೇ ತಿಳಿವಳಿಕೆಯವನಾದರೂ ಅವನನ್ನು ಪರೀಕ್ಷಿಸಿ ಮತದ ಹಕ್ಕು ಕೊಡುವ ಮಂಡಳಿ ಇಲ್ಲ. ಕುಡುಕ ಅಪ್ಪನ ಮನೆ ನಡೆಸುವ 17ರ ಹುಡುಗಿಯನ್ನು ಕರೆಸಿ, ನೀನು ಪ್ರಬುದ್ಧಳು, ಬ್ಯಾಂಕಿನ ಸಾಲಕ್ಕೆ ನೀನೇ ಸಹಿ ಹಾಕು ಎನ್ನುವವರಿಲ್ಲ. ಶಿಕ್ಷೆ ಕೊಡಬೇಕಾದಾಗ ಮಾತ್ರ ನಾವು ಮಕ್ಕಳ ಪ್ರಬುದ್ಧತೆಯನ್ನು ಹುಡುಕಿಕೊಂಡು ಹೋಗುತ್ತೇವೆ. ಹಾಗೆ ನೋಡಿದರೆ 1860ರ ಹಳೇ ಸಂಹಿತೆಯೇ ಈ ವಿಷಯದಲ್ಲಿ ಉದಾರವಾಗಿತ್ತು, 2024ರಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ: 7ರ ಒಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ, 7ರಿಂದ 12ರ ಮಗುವಿಗೆ ತಾನು ಮಾಡಿದ್ದರ ಅರ್ಥ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ. ಅಲ್ಲಿ ಅಳೆಯುವುದು ಮಗುವನ್ನು ಉಳಿಸಲು.

ಮತ್ತೆ ಯಾರು ಪ್ರಬುದ್ಧರಾಗಿ ಕಾಣುತ್ತಾರೆ? ನನ್ನ ತರಗತಿಯನ್ನೇ ನೋಡಿ ಹೇಳುತ್ತೇನೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಹಿಂದಿನ ಬೆಂಚು ಖಾಲಿಯಾಗುತ್ತದೆ. ತೋಟದಲ್ಲಿ ಹಣ್ಣು ಕುಯ್ದದ್ದಕ್ಕೆ ಕೆ.ಜಿ. ಲೆಕ್ಕದಲ್ಲಿ ದುಡ್ಡು, ತಾಯಿ ಎರಡು ಕೈಯಿಂದ ಕುಯ್ಯಬೇಕೆಂದರೆ ಕೂಸನ್ನು ಯಾರಾದರೂ ಎತ್ತಿಕೊಳ್ಳಬೇಕು. ಒಂಬತ್ತರ ಅಕ್ಕ ಎತ್ತಿಕೊಳ್ಳುತ್ತಾಳೆ. ಹತ್ತಕ್ಕೆ ಅವಳಿಗೆ ಅನ್ನ ಬಸಿಯಲು ಬರುತ್ತದೆ, ಹನ್ನೊಂದಕ್ಕೆ ತೂಕದ ದಿನ ರೈಟರ್ ಬರೆದ ಲೆಕ್ಕದಲ್ಲಿ ತಪ್ಪು ಹಿಡಿಯಲು ಬರುತ್ತದೆ. ಅವಳ ಮಾತು ಕೇಳಿದರೆ ಮೂವತ್ತರ ಹೆಂಗಸಿನ ಮಾತು. ಅದೇ ವಯಸ್ಸಿನ ನನ್ನ ಮಗಳಿಗೆ ಆಗ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಪ್ರಬುದ್ಧತೆಯನ್ನೇ ಅಳತೆ ಮಾಡಿದರೆ ಈ ಇಬ್ಬರಲ್ಲಿ ಬಾಲ್ಯದ ರಕ್ಷಣೆ ಮೊದಲು ಕಳೆದುಕೊಳ್ಳುವವಳು ಯಾರು? ಬಡತನ ಯಾರನ್ನು ಬೇಗ ಬಲಿಸಿತೋ ಅವಳೇ. 14ರ ಒಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಹೇಳುವಾಗ ಅದು ಮಗುವಿಗೆ ಕೆಲಸ ಬರುತ್ತದೆಯೇ ಎಂದು ಕೇಳುವುದಿಲ್ಲ. ಕೇಳದೇ ಇರುವುದೇ ಅದರ ಒಳ್ಳೆಯತನ.

ಅಂಕಿ ಹಿಡಿಯುವುದಾದರೆ ಅಂಕಿ ನಿಜವಿರಬೇಕು. ಇಲ್ಲಿಗೆ ನಾನು ಬರೆದ 1-6-1992 ವಾಪಸು ಬರುತ್ತದೆ.

ಆ ಹುಡುಗಿ ಏಳನೇ ತರಗತಿಗೆ ಶಾಲೆ ಬಿಟ್ಟಳು. 2010ರ ಏಪ್ರಿಲ್‌ನಲ್ಲಿ, ಕುಯ್ಲಿನ ದುಡ್ಡು ಕೈಗೆ ಬಂದ ಮೇಲೆ, ಅವಳ ಮದುವೆ ಗೊತ್ತಾಯಿತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಕ್ಕಳ ಅಭಿವೃದ್ಧಿ ಇಲಾಖೆಯವರು ನಮ್ಮ ಶಾಲೆಗೆ ಬಂದು ಪುಸ್ತಕ ತೆಗೆಸಿದರು. ಲೆಕ್ಕ ಹಾಕಿದರೆ 17 ವರ್ಷ 10 ತಿಂಗಳು. ತಾಯಿ ಓಡಿ ಬಂದಳು. "ಸಾರ್, ಇವಳು ರೊಬಸ್ಟಾ ಕುಯ್ಲಲ್ಲಿ ಹುಟ್ಟಿದ್ದು. ಜನವರಿಗೇ ಹದಿನೆಂಟು ತುಂಬ್ತು. ನಿಮ್ಗೆ ಅವತ್ತೇ ಹೇಳಿದ್ನಲ್ಲ." ಹೇಳಿದ್ದಳು, ನಿಜ. ಅವಳ ಮಾತನ್ನು ಬಿಟ್ಟು ಜೂನ್ ಬರೆದವನು ನಾನು. ವರ್ಷವನ್ನಂತೂ ಕಿವಿ ನೋಡಿ ಬರೆದಿದ್ದೆ, ಅದು ಒಂದು ವರ್ಷ ಆಚೀಚೆ ಆಗಿರಲೂ ಸಾಕು.

ಮೂಳೆಯ ಕ್ಷ-ಕಿರಣ ತೆಗೆದು ವಯಸ್ಸು ಹೇಳಿಸಬಹುದಲ್ಲ ಎಂದು ಯಾರೋ ಅಂದರು. ಆ ಪರೀಕ್ಷೆಯಲ್ಲಿ ಎರಡೂ ಕಡೆ ಎರಡೆರಡು ವರ್ಷ ವ್ಯತ್ಯಾಸ ಬರಬಹುದು ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಅಂದರೆ 18 ಎಂದು ಬಂದರೆ 16 ಇರಬಹುದು, 20 ಇರಬಹುದು. ಹಾಗಾಗಿಯೇ ವಯಸ್ಸು ತೀರ್ಮಾನಿಸುವಾಗ ಶಾಲೆಯ ದಾಖಲೆ, ಜನನ ಪ್ರಮಾಣಪತ್ರ ಮೊದಲು, ಇವು ಯಾವುವೂ ಇಲ್ಲದಿದ್ದಾಗ ಮಾತ್ರ ಮೂಳೆ. ಮೂಳೆ ಪರೀಕ್ಷೆಗಿಂತ ನನ್ನ ಕಿವಿ ಪರೀಕ್ಷೆಗೆ ಕಾನೂನಿನಲ್ಲಿ ಹೆಚ್ಚು ತೂಕ ಬಂದಿತ್ತು.

ನಾನು ಪುಸ್ತಕದಲ್ಲಿರುವುದೇ ಸರಿ ಎಂದು ಬರೆದುಕೊಟ್ಟೆ. ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಮದುವೆ ನಿಲ್ಲಿಸಿದರು. ಹುಡುಗಿಯನ್ನು ನಾನು ಒಂದೇ ಒಂದು ಮಾತು ಕೇಳಿದೆ, ನಿನಗೆ ಈ ಮದುವೆ ಇಷ್ಟವಿತ್ತಾ ಎಂದು. ಅವಳು ನೆಲ ನೋಡಿಕೊಂಡು "ಈಗ್ಲೇ ಬೇಡ ಅಂದಿದ್ದೆ ಸಾರ್" ಅಂದಳು. ಆ ಎರಡು ತಿಂಗಳು ಅವಳಿಗೆ ಸಿಕ್ಕಿತು. ಎರಡೇ ತಿಂಗಳು. ಕಾನೂನಿನ ಲೆಕ್ಕದಲ್ಲಿ 18 ತುಂಬುವುದು ಹುಟ್ಟಿದ ದಿನವನ್ನೂ ಸೇರಿಸಿ, ಆ ವಾರ್ಷಿಕ ದಿನ ಶುರುವಾದ ಕ್ಷಣಕ್ಕೆ. ಮೇ 31ರ ರಾತ್ರಿ ಹನ್ನೆರಡು ಹೊಡೆದ ಮೇಲೆ ಅವಳನ್ನು ತಡೆದು ನಿಲ್ಲಿಸುವ ಕಾನೂನು ಯಾವುದೂ ಇರಲಿಲ್ಲ. ಜೂನ್ ಮೊದಲ ವಾರದ ಮಳೆಯಲ್ಲೇ ಮದುವೆಯಾಯಿತು. ನಾನು ಹೋಗಿದ್ದೆ.

18ರ ಗೆರೆ ತುಂಬ ಗಟ್ಟಿಯಾಗಿ ಕಚ್ಚುವುದು ಇನ್ನೊಂದು ಕಡೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಲ್ಲಿ. 2012ರ ಈ ಕಾಯ್ದೆ ಬಂದ ಮೇಲೆ ಸಮ್ಮತಿಯ ವಯಸ್ಸು 16ರಿಂದ 18ಕ್ಕೆ ಏರಿತು. 17ರ ಹುಡುಗಿಯೂ 19ರ ಹುಡುಗನೂ ಇಷ್ಟಪಟ್ಟು ಓಡಿಹೋದರೆ ಹುಡುಗ ಅತ್ಯಾಚಾರದ ಆರೋಪಿ. ಇಂಥ ಪ್ರಕರಣಗಳನ್ನು ಕಂಡೂ ಕಂಡು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಈ ವಯಸ್ಸನ್ನು ಮರುಚಿಂತಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. 2023ರ ತನ್ನ 283ನೇ ವರದಿಯಲ್ಲಿ ಆಯೋಗ 18ನ್ನು ಇಳಿಸುವುದು ಬೇಡ ಎಂದಿತು, ಇಳಿಸಿದರೆ ಬಾಲ್ಯವಿವಾಹಕ್ಕೂ ಮಕ್ಕಳ ಸಾಗಣೆಗೂ ದಾರಿಯಾಗುತ್ತದೆ ಎಂಬ ಆತಂಕದಿಂದ. 16 ದಾಟಿದವರು ತಾವಾಗಿಯೇ ಒಪ್ಪಿದ್ದ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಸೂಚಿಸಿತು. ಆಯೋಗದ ಆತಂಕ ನನಗೆ ಅರ್ಥವಾಗುತ್ತದೆ, ಲೈನ್ ಮನೆಗಳ ಪಕ್ಕದಲ್ಲಿ ಬದುಕುವವನಿಗೆ ಅರ್ಥವಾಗಲೇಬೇಕು. ಆದರೆ ನಡುವೆ ಒಂದು ದಾರಿ ಇದೆ. ಇಬ್ಬರ ವಯಸ್ಸಿನ ಅಂತರ ಇಂತಿಷ್ಟೇ ವರ್ಷದ ಒಳಗಿದ್ದರೆ ಅಪರಾಧವಲ್ಲ ಎನ್ನುವ ನಿಯಮ ಕೆನಡಾದಂಥ ದೇಶಗಳಲ್ಲಿ ಇದೆ. ಅದೂ ಅಂಕಿಯೇ. ಹುಡುಗಿ ಎಷ್ಟು ಪ್ರಬುದ್ಧಳು ಎಂದು ಕೋರ್ಟಿನಲ್ಲಿ ಅವಳನ್ನು ಕೆದಕುವುದು ತಪ್ಪುತ್ತದೆ, 17ರವಳನ್ನು 40ರವನ ಕೈಯಿಂದ ಕಾಯುವುದೂ ನಿಲ್ಲುವುದಿಲ್ಲ. ಹಿಂದಿನ ತಲೆಮಾರುಗಳು ಎಂಟರಿಂದ ಹದಿನೆಂಟಕ್ಕೆ ಹತ್ತಿದ ಹಾಗೆ ನಾವೂ ಗೆರೆಯನ್ನು ತಿದ್ದುತ್ತಾ ಹೋಗಬೇಕು.

ಮೇಲಿನ ತುದಿಯ ಗೆರೆಗಳ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಸರ್ಕಾರಿ ನೌಕರಿಗೆ 60, ಹೈಕೋರ್ಟ್ ನ್ಯಾಯಮೂರ್ತಿಗೆ 62, ಸುಪ್ರೀಂ ಕೋರ್ಟಿಗೆ 65. ಅದು ಕಿರಿಯರಿಗೆ ಜಾಗ ಬಿಡುವ ಏರ್ಪಾಡು, ಬುದ್ಧಿ ಕಡಿಮೆಯಾಯಿತು ಎಂಬ ತೀರ್ಪಲ್ಲ. ನಮ್ಮ ಕಾರ್ಯಪ್ಪನವರು ಸೈನ್ಯದಿಂದ 1953ರಲ್ಲೇ ನಿವೃತ್ತರಾದರು, ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, 87ನೇ ವಯಸ್ಸಿಗೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುತ್ತಾರೆ, ಯಾರೂ ತಾರೀಕು ಕೇಳುವುದಿಲ್ಲ. ಅಲ್ಲಿ ಪಣಕ್ಕಿರುವುದು ಮನೆತನದ ಹೆಸರು ಮಾತ್ರ. ಯಾರದೂ ಜೀವ, ಬದುಕು ಅದರ ಮೇಲೆ ನಿಂತಿಲ್ಲ.

ತಾರೀಕು ಕೇಳಬೇಕಾದ ಕಡೆ ಈಗ ಪರಿಸ್ಥಿತಿ ಸುಧಾರಿಸಿದೆ. ಮತದಾರರ ಪಟ್ಟಿಗೆ ಮೊದಲು ಜನವರಿ 1 ಒಂದೇ ಅರ್ಹತಾ ದಿನ. ಜನವರಿ 2ರಂದು ಹುಟ್ಟಿದವನು ಒಂದು ವರ್ಷ ಕಾಯಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಕು, ಹೀಗೆ ನಾಲ್ಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಪರವಾನಗಿಗೂ ಮತಕ್ಕೂ ಜನನ ಪ್ರಮಾಣಪತ್ರವೇ ವಯಸ್ಸಿನ ದಾಖಲೆ. ಕಿವಿ ಮುಟ್ಟಿಸುವ ಕಾಲ ಮುಗಿಯಿತು. ಆದರೆ ಕುಯ್ಲಿಗೆಂದು ಬೇರೆ ರಾಜ್ಯಗಳಿಂದ ಬಂದು ಲೈನ್ ಮನೆಗಳಲ್ಲಿ ಇಳಿಯುವ ಕುಟುಂಬಗಳ ಎಷ್ಟು ಮಕ್ಕಳ ಕೈಯಲ್ಲಿ ಆ ಕಾಗದ ಇದೆ ಎಂದು ತೋಟದ ಮಾಲೀಕರು, ಪಂಚಾಯಿತಿಯವರು ಒಮ್ಮೆ ಮನೆಮನೆಗೆ ಹೋಗಿ ನೋಡಬೇಕು. ಕಾಗದವಿಲ್ಲದ ಮಗುವಿನ ಪಾಲಿಗೆ ಕಾನೂನಿನಲ್ಲಿ ಎಷ್ಟು ಒಳ್ಳೆಯ ಗೆರೆ ಎಳೆದರೂ ಅಷ್ಟೇ.

2019ರ ಜೂನ್‌ನಲ್ಲಿ ಅದೇ ಜಗಲಿಯಲ್ಲಿ, ಅಂಥದೇ ಮಳೆಯಲ್ಲಿ, ಅವಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಪ್ಲಾಸ್ಟಿಕ್ ಕವರಿನೊಳಗಿಂದ ಇನ್ನೊಂದು ಕವರು, ಅದರೊಳಗಿಂದ ಜನನ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟಳು. ನಾನು ಪುಸ್ತಕಕ್ಕೆ ಇಳಿಸುತ್ತಿದ್ದಾಗ ಬಗ್ಗಿ ನೋಡುತ್ತಾ ನಿಂತಿದ್ದಳು. ಬರೆದು ಮುಗಿದ ಮೇಲೆ ತಾರೀಕಿನ ಅಂಕಣದ ಮೇಲೆ ಬೆರಳಿಟ್ಟು, ಕಾಗದದಲ್ಲಿದ್ದ ಒಂದೊಂದೇ ಅಂಕಿಯನ್ನು ಪುಸ್ತಕದ ಅಂಕಿಗೆ ತಾಳೆ ನೋಡಿದಳು. ಆಮೇಲೆ ಕವರಿನೊಳಗೆ ಕವರು ಸೇರಿಸಿ, ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.